ಬೆಲ್ಲದಿಂದ ಸೀಸ ಇಳಿಯುವುದಿಲ್ಲ: ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕಾರ್ಮಿಕ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು
ಹಾಗೂ
ಮಾನ್ಯ ನಿರ್ದೇಶಕರು, ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ, ಬೆಂಗಳೂರು

ವಿಷಯ: ಬ್ಯಾಟರಿ ಒಡೆಯುವ, ಸೀಸ ಕರಗಿಸುವ ಸಣ್ಣ ಘಟಕಗಳ ಕಾರ್ಮಿಕರ ರಕ್ತ ಪರೀಕ್ಷೆ ಮತ್ತು ಕೂಲಿ ರಕ್ಷಣೆಯ ಬಗ್ಗೆ.

ಮಾನ್ಯರೇ,

ನಾನು ಬೆಂಗಳೂರಿನ ಪಶ್ಚಿಮ ಅಂಚಿನ ಬಡಾವಣೆಯೊಂದರಲ್ಲಿ ವಾಸವಾಗಿರುವ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ. ನನ್ನ ತಂದೆ 2003ರಿಂದ 2019ರವರೆಗೆ, 16 ವರ್ಷ, ಹಳೆಯ ಬ್ಯಾಟರಿಗಳ ಸೀಸವನ್ನು ಕರಗಿಸಿ ಎರಕ ಹೊಯ್ಯುವ ಕೆಲಸ ಮಾಡಿದರು. ಈಗ ಅವರಿಗೆ 62 ವರ್ಷ. ನೀರು ತುಂಬಿದ ಲೋಟವನ್ನು ಬಲಗೈಯಲ್ಲಿ ಎತ್ತಿ ಬಾಯಿಗೆ ತಂದುಕೊಳ್ಳಲು ಅವರಿಂದ ಆಗುವುದಿಲ್ಲ. ಅವರ ಚಿಕಿತ್ಸೆಗೆ ನೆರವು ಕೋರಿ ನಾನು ಈ ಪತ್ರ ಬರೆಯುತ್ತಿಲ್ಲ. ಆ ಹಂತ ದಾಟಿ ಹೋಗಿದೆ. ಅವರ ಜೊತೆ ಕೆಲಸ ಮಾಡುತ್ತಿದ್ದ ಮೂವರು ಇಂದಿಗೂ ಅದೇ ಕಸುಬಿನಲ್ಲಿದ್ದಾರೆ, ಅಂಥದೇ ಬೇರೆ ಶೆಡ್ಡುಗಳಲ್ಲಿ ಇನ್ನೆಷ್ಟೋ ಜನ ಇದ್ದಾರೆ, ಅವರಿಗೆ ಸಕಾಲದಲ್ಲಿ ಸಿಗಬಹುದಾದ ಒಂದು ಸರಳ ರಕ್ಷಣೆ ಸಿಗುತ್ತಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಲು ಬರೆಯುತ್ತಿದ್ದೇನೆ.

ಆ ಶೆಡ್ಡನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಾಲೇಜಿಗೆ ರಜೆ ಇದ್ದ ದಿನ ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋಗುತ್ತಿದ್ದೆ. ತಗಡಿನ ಮಾಡು, ಮೂರು ಕಡೆ ಸಿಮೆಂಟ್ ಇಟ್ಟಿಗೆಯ ಗೋಡೆ. ಬಾಗಿಲ ಮೇಲೆ ಯಾವ ಬೋರ್ಡೂ ಇರಲಿಲ್ಲ. ಒಳಗೆ ಎಂಟು ಜನ. ಒಬ್ಬರು ಮಚ್ಚಿನಿಂದ ಬ್ಯಾಟರಿಯ ಮೇಲ್ಭಾಗ ಸೀಳಿ ಆಸಿಡ್ಡನ್ನು ಮೋರಿಗೆ ಸುರಿಯುತ್ತಿದ್ದರು. ಇಬ್ಬರು ಒಳಗಿನ ಪ್ಲೇಟುಗಳನ್ನು ಎಳೆದು, ಬಡಿದು, ರಾಶಿ ಹಾಕುತ್ತಿದ್ದರು. ಮೂಲೆಯಲ್ಲಿ ನನ್ನ ತಂದೆ ಕಬ್ಬಿಣದ ದೊಡ್ಡ ಬಾಣಲೆಯ ಮುಂದೆ ನಿಂತು, ಕರಗಿದ ಸೀಸದ ಮೇಲೆ ತೇಲಿ ಬರುವ ಕಿಟ್ಟವನ್ನು ಉದ್ದ ಹಿಡಿಯ ಸೌಟಿನಿಂದ ತೆಗೆದು ತೆಗೆದು ಪಕ್ಕಕ್ಕೆ ಸುರಿಯುತ್ತಿದ್ದರು. ಮೂಗಿಗೆ ಕಟ್ಟಿಕೊಂಡಿದ್ದು ಮನೆಯಿಂದ ಒಯ್ದ ಟವೆಲ್ಲು. ಹೊಗೆ ಹೋಗಲೆಂದು ಮಾಡಿನ ಒಂದೆರಡು ತಗಡನ್ನು ಸರಿಸಿದ್ದರು. ಪ್ಲೇಟುಗಳಿಂದ ಉದುರುವ ಬೂದು ಬಣ್ಣದ ನುಣ್ಣನೆಯ ಪುಡಿ ನೆಲದ ಮೇಲೆ, ಗೋಡೆಯ ಸಂದಿಯಲ್ಲಿ, ಕುಡಿಯುವ ನೀರಿನ ಕೊಡದ ಮುಚ್ಚಳದ ಮೇಲೆ, ಎಲ್ಲೆಲ್ಲೂ ಕೂತಿರುತ್ತಿತ್ತು. ಸೀಸ 327 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ. ಉರಿ ಹೆಚ್ಚಿ ಸುಮಾರು 500 ಡಿಗ್ರಿ ದಾಟಿದಾಗ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸೂಕ್ಷ್ಮವಾದ ಹೊಗೆಯಾಗಿ ಏಳುತ್ತದೆ. ಆ ಹೊಗೆಯನ್ನು ಟವೆಲ್ಲು ತಡೆಯುವುದಿಲ್ಲ. ಇದನ್ನು ನಾನು ತರಗತಿಯಲ್ಲಿ ಮಕ್ಕಳಿಗೆ ಹೇಳಿಕೊಡಬಲ್ಲೆ. ಅಪ್ಪನಿಗೆ ಮಾತ್ರ ಸಮಯಕ್ಕೆ ಹೇಳಲಿಲ್ಲ, ಏಕೆಂದರೆ ಅವರ ಹೊಟ್ಟೆನೋವಿಗೂ ಆ ಬಾಣಲೆಗೂ ಸಂಬಂಧವಿದೆಯೆಂದು ನನಗೂ ಹೊಳೆದಿರಲಿಲ್ಲ.

ಪ್ರತಿದಿನ ಸಂಜೆ ಕೆಲಸ ಮುಗಿಯುವ ಹೊತ್ತಿಗೆ ಮಾಲೀಕರು ಎಲ್ಲರಿಗೂ ಒಂದೊಂದು ತುಂಡು ಬೆಲ್ಲ ಕೊಡುತ್ತಿದ್ದರು. ಬೆಲ್ಲ ತಿಂದರೆ ಒಳಗೆ ಹೋದ ಧೂಳು ಕೆಳಗಿಳಿಯುತ್ತದೆ ಎಂಬುದು ಅಲ್ಲಿ ಎಲ್ಲರ ನಂಬಿಕೆ. ಧೂಳಿನ ಕೆಲಸ ಮಾಡುವ ಬೇರೆ ಕಡೆಗಳಲ್ಲೂ ಬಾಳೆಹಣ್ಣು, ಬೆಲ್ಲ ಹಂಚುವುದನ್ನು ನಾನು ಕೇಳಿದ್ದೇನೆ. ಮಾಲೀಕರು ಮೋಸ ಮಾಡಲೆಂದು ಕೊಟ್ಟರೆಂದು ನಾನು ಹೇಳಲಾರೆ. ಅವರೂ ಅದೇ ಶೆಡ್ಡಿನಲ್ಲಿ ನಿಂತು ಅದೇ ಗಾಳಿ ಕುಡಿದವರು, ಅವರೂ ಅದೇ ಬೆಲ್ಲ ತಿನ್ನುತ್ತಿದ್ದರು. ಆದರೆ ಸೀಸವನ್ನು ಬೆಲ್ಲ ಇಳಿಸುವುದಿಲ್ಲ. ಶೆಡ್ಡಿನಲ್ಲಿ ಸೋಪಾಗಲಿ ನಲ್ಲಿಯಾಗಲಿ ಇಲ್ಲದ್ದರಿಂದ ಅದೇ ಬೂದು ಬೆರಳುಗಳಲ್ಲಿ ಬೆಲ್ಲ ಹಿಡಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಖಾಲಿ ಹೊಟ್ಟೆಗೆ ಹೋದ ಸೀಸವನ್ನು ದೇಹ ಹೆಚ್ಚು ಹೀರಿಕೊಳ್ಳುತ್ತದೆ ಎಂದು ನಾನು ತಡವಾಗಿ ಓದಿ ತಿಳಿದೆ. ಮದ್ದೆಂದು ಕೊಟ್ಟ ತುಂಡಿನ ಜೊತೆಯಲ್ಲೇ ವಿಷವೂ ದಿನಾ ಸಂಜೆ ಒಳಗೆ ಹೋಗುತ್ತಿತ್ತು.

2013ರ ಹೊತ್ತಿಗೆ ಅಪ್ಪನಿಗೆ ಹೊಟ್ಟೆ ಹಿಂಡಿದಂತೆ ನೋವು ಬರಲು ಶುರುವಾಯಿತು. ಮೂರು ನಾಲ್ಕು ದಿನ ಮಲವಿಸರ್ಜನೆ ಇರುತ್ತಿರಲಿಲ್ಲ. ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟರು, ಖಾರ ಬಿಡಿ ಎಂದರು. ಮುಖ ಬಿಳಿಚಿಕೊಂಡಾಗ ರಕ್ತಹೀನತೆ ಎಂದು ಕಬ್ಬಿಣದ ಮಾತ್ರೆ ಬರೆದರು. ತಲೆನೋವು, ನಿದ್ದೆಯಿಲ್ಲದಿರುವುದು, ಸುಮ್ಮಸುಮ್ಮನೆ ಸಿಟ್ಟು, ಏರಿದ ಬಿ.ಪಿ., ಇವೆಲ್ಲ ವಯಸ್ಸಿನ ಲೆಕ್ಕಕ್ಕೆ ಹೋದವು. ಆರು ವರ್ಷದಲ್ಲಿ ಐವರು ವೈದ್ಯರನ್ನು ನೋಡಿದೆವು. 2019ರ ಜನವರಿಯ ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಮುದ್ದೆ ಮುರಿಯಲು ಕೈ ಹಾಕಿದರು. ಬೆರಳು ಮುದ್ದೆಯ ಮೇಲೆ ಹೋಯಿತು, ಮಣಿಕಟ್ಟು ಮಾತ್ರ ಮೇಲೇಳಲಿಲ್ಲ. ಕೈ ಬಾಡಿದ ಎಲೆಯಂತೆ ಕೆಳಕ್ಕೆ ಜೋತುಬಿತ್ತು. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು ಮತ್ತೊಮ್ಮೆ ಪ್ರಯತ್ನಿಸಿದರು. ಅಮ್ಮ ಏನೂ ಮಾತಾಡದೆ ಮುದ್ದೆಯನ್ನು ತುತ್ತು ಮಾಡಿ ತಟ್ಟೆಯ ಅಂಚಿಗೆ ಇಟ್ಟರು. ಅಂದಿನಿಂದ ಇಂದಿನವರೆಗೆ ಅವರೇ ಇಡುತ್ತಿದ್ದಾರೆ.

ಮರುವಾರ ನೋಡಿದ ಯುವ ವೈದ್ಯೆಯೊಬ್ಬರು ಅದುವರೆಗೆ ಯಾರೂ ಕೇಳದ ಪ್ರಶ್ನೆಯನ್ನು ಕೇಳಿದರು: "ಯಜಮಾನರೇ, ನೀವು ಏನು ಕೆಲಸ ಮಾಡ್ತೀರಿ?" ಅಪ್ಪ ಹೇಳಿದ ಕೂಡಲೇ ಅವರು ಟಾರ್ಚ್ ಹಚ್ಚಿ ಕೆಳದುಟಿ ಸರಿಸಿ ವಸಡು ನೋಡಿದರು. ಹಲ್ಲಿನ ಬುಡದುದ್ದಕ್ಕೂ ಪೆನ್ಸಿಲ್ಲಿನಿಂದ ಎಳೆದಂತೆ ನೀಲಿಗಪ್ಪು ಗೆರೆ ಇತ್ತು. ರಕ್ತದಲ್ಲಿ ಸೀಸ ಎಷ್ಟಿದೆಯೆಂದು ನೋಡಲು ಹೊರಗಡೆ ಖಾಸಗಿ ಪ್ರಯೋಗಾಲಯಕ್ಕೆ ಕಳಿಸಬೇಕಾಯಿತು. ಒಂದು ಡೆಸಿಲೀಟರ್ ರಕ್ತಕ್ಕೆ 74 ಮೈಕ್ರೋಗ್ರಾಂ ಎಂದು ಬಂತು. ಯಾರಲ್ಲೇ ಆಗಲಿ 5 ಮೈಕ್ರೋಗ್ರಾಂ ಮುಟ್ಟಿದರೆ ಸೀಸ ಎಲ್ಲಿಂದ ಬಂತೆಂದು ಹುಡುಕಿ ತಡೆಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಯಾವ ಪ್ರಮಾಣವೂ ಗೊತ್ತಿಲ್ಲ ಎಂದೂ ಅದೇ ಸಂಸ್ಥೆ ಹೇಳುತ್ತದೆ. ಸೀಸವನ್ನು ಮೂತ್ರದ ಮೂಲಕ ಹೊರಹಾಕುವ ಔಷಧ ಕೊಟ್ಟ ಮೇಲೆ ಪ್ರಮಾಣ 31ಕ್ಕೆ ಇಳಿಯಿತು. ಎರಡು ತಿಂಗಳ ನಂತರ, ಅಪ್ಪ ಮನೆಯಲ್ಲೇ ಇದ್ದರೂ, ಮತ್ತೆ 45ಕ್ಕೆ ಏರಿತು. ನಾವು ಗಾಬರಿಯಾದೆವು. ದೇಹ ಸೀಸವನ್ನು ಸುಣ್ಣದಂಶವೆಂದೇ ಭ್ರಮಿಸಿ ಮೂಳೆಯಲ್ಲಿ ಸೇರಿಸಿಟ್ಟುಕೊಂಡಿರುತ್ತದೆ, ರಕ್ತದಲ್ಲಿ ಕಡಿಮೆಯಾದಂತೆ ಮೂಳೆಯಿಂದ ಹೊರಬರುತ್ತದೆ, ರಕ್ತದಲ್ಲಿರುವುದು ಒಂದೆರಡು ತಿಂಗಳಲ್ಲಿ ತಗ್ಗಿದರೂ ಮೂಳೆಯಲ್ಲಿರುವುದು ಹೋಗಲು ದಶಕಗಳೇ ಬೇಕು ಎಂದು ವೈದ್ಯೆ ವಿವರಿಸಿದರು. ಆದ್ದರಿಂದಲೇ ಕಾಯಿಲೆ ಕಾಣಿಸಿದ ಮೇಲೆ ಮಾಡುವ ಚಿಕಿತ್ಸೆಗಿಂತ, ಕಾಯಿಲೆ ಕಾಣುವ ಮೊದಲೇ ಮಾಡುವ ರಕ್ತ ಪರೀಕ್ಷೆಗೆ ಬೆಲೆ ಹೆಚ್ಚು.

ಇನ್ನು ನನ್ನ ಮಗ. 2017ರಲ್ಲಿ ಬಾಣಂತನಕ್ಕೆ ತವರಿಗೆ ಬಂದವಳು, ಕೆಲಸಕ್ಕೆ ಮರಳಿದ ಮೇಲೂ ಮಗುವನ್ನು ಅಮ್ಮನ ಬಳಿಯೇ ಬಿಟ್ಟು ಹೋಗುತ್ತಿದ್ದೆ. ಸಂಜೆ ಅಪ್ಪ ಬಂದೊಡನೆ ಅಂಗಿ ಬಿಚ್ಚಿ ಹೊಸ್ತಿಲ ಬಳಿ ಇಡುತ್ತಿದ್ದರು. ಅಮ್ಮ ಅದನ್ನು ನೆನೆಹಾಕುವ ಮೊದಲು ಜಗಲಿಯಲ್ಲಿ ಎರಡು ಸಲ ಫಟಫಟನೆ ಕೊಡವುತ್ತಿದ್ದರು. ಅದೇ ಜಗಲಿಯಲ್ಲಿ ಮಗು ಅಂಬೆಗಾಲಿಡುತ್ತಿತ್ತು, ಅಲ್ಲಿ ಬಿದ್ದ ಆಟಿಕೆಯನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಅಪ್ಪನ ವರದಿ ಬಂದ ಮೇಲೆ ಮಗುವಿನ ರಕ್ತವನ್ನೂ ಪರೀಕ್ಷೆ ಮಾಡಿಸಿದೆವು. 11 ಮೈಕ್ರೋಗ್ರಾಂ ಇತ್ತು. ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ, ಬೆಳೆಯುತ್ತಿರುವ ಮಿದುಳಿಗೆ ಅದರಿಂದಾದ ಹಾನಿ ಸರಿಹೋಗುವುದಿಲ್ಲ. ಈಗ ಅವನು ಶಾಲೆಗೆ ಹೋಗುತ್ತಿದ್ದಾನೆ, ಚೆನ್ನಾಗಿ ಆಡುತ್ತಾನೆ. ಓದಲು ಕೂತರೆ ಗಮನ ನಿಲ್ಲುವುದಿಲ್ಲ. ಅದು ಸೀಸದಿಂದಲೇ ಎಂದು ಹೇಳಲು ನನ್ನಿಂದಾಗದು. ಅಲ್ಲವೆಂದು ಯಾವ ವೈದ್ಯರೂ ನನಗೆ ಹೇಳಿಲ್ಲ.

ಮಾನ್ಯರೇ, ಈಗ ನನ್ನ ದೂರಿಗೆ ಬರುತ್ತೇನೆ. ರಕ್ತದ ವರದಿ ಹಿಡಿದು ಅಪ್ಪ ಮಾಲೀಕರ ಬಳಿ ಹೋದಾಗ ಅವರು ಹೇಳಿದ್ದು, "ಹಾಗಾದ್ರೆ ನಾಳೆಯಿಂದ ಬರಬೇಡಿ, ಮನೇಲಿ ರೆಸ್ಟ್ ತಗೊಳ್ಳಿ" ಎಂದು. ಅಷ್ಟಕ್ಕೆ 16 ವರ್ಷದ ಕೆಲಸ ಮುಗಿಯಿತು. ಪಿ.ಎಫ್. ಇರಲಿಲ್ಲ, ಇ.ಎಸ್.ಐ. ಇರಲಿಲ್ಲ, ಹಾಜರಿ ಪುಸ್ತಕವೂ ಇರಲಿಲ್ಲ. ನಾನು ಉಳಿದ ಏಳು ಜನರ ಮನೆಗೂ ಹೋಗಿ, ಖರ್ಚು ನಾನೇ ಕೊಡುತ್ತೇನೆ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಬೇಡಿಕೊಂಡೆ. ಒಬ್ಬರೂ ಒಪ್ಪಲಿಲ್ಲ. ಅವರಲ್ಲಿ ಹಿರಿಯರೊಬ್ಬರು, "ಅವ್ವಾ, ಪರೀಕ್ಷೆ ಮಾಡ್ಸಿದ್ಕೇ ಅಲ್ವಾ ನಿಮ್ಮಪ್ಪನ ಕೆಲ್ಸ ಹೋಗಿದ್ದು?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಕಾಯಿಲೆಯನ್ನು ಮೊದಲೇ ಪತ್ತೆಹಚ್ಚುವ ಏಕೈಕ ದಾರಿಯೇ ಅನ್ನ ಕಳೆಯುವ ದಾರಿಯೂ ಆದರೆ ಯಾವ ಕಾರ್ಮಿಕ ಆ ಕಡೆ ಹೆಜ್ಜೆ ಇಡುತ್ತಾನೆ?

ಕಾನೂನೇ ಇಲ್ಲ ಎಂದು ನಾನು ದೂರುತ್ತಿಲ್ಲ. ಅಪ್ಪ ಕೆಲಸದಲ್ಲಿದ್ದಾಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿ ಇತ್ತು. ಅದರಲ್ಲಿ ಮೊದಲನೆಯದೇ ಸೀಸದ ವಿಷ. ಕಾರ್ಖಾನೆಯ ಕಾರ್ಮಿಕನಲ್ಲಿ ಆ ಕಾಯಿಲೆ ಕಂಡ ವೈದ್ಯರು ಮುಖ್ಯ ಕಾರ್ಖಾನೆ ನಿರೀಕ್ಷಕರಿಗೆ ಲಿಖಿತವಾಗಿ ತಿಳಿಸಬೇಕೆಂದು 89ನೇ ಕಲಮು ಹೇಳುತ್ತಿತ್ತು. 1923ರ ನೌಕರರ ಪರಿಹಾರ ಕಾಯ್ದೆಯಲ್ಲೂ ಸೀಸದಿಂದ ಬರುವ ಕಾಯಿಲೆಗೆ ಪರಿಹಾರವಿತ್ತು. ಆದರೆ ಅಪ್ಪನನ್ನು ಒಳರೋಗಿಯಾಗಿ ಸೇರಿಸಿಕೊಂಡಿದ್ದ ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿ "ರಕ್ತಹೀನತೆ, ನರದೌರ್ಬಲ್ಯ" ಎಂದಷ್ಟೇ ಬರೆದಿತ್ತು. ಸೀಸ ಎಂಬ ಪದವೇ ಇರಲಿಲ್ಲ, ಕಸುಬಿನ ಜಾಗದಲ್ಲಿ "ಕೂಲಿ" ಎಂದಿತ್ತು. ಆ ಎರಡು ಪದಗಳಿಂದಾಗಿ ನಮ್ಮ ಪರಿಹಾರದ ಅರ್ಜಿ ಮುಂದೆ ಸಾಗಲೇ ಇಲ್ಲ. ಹೀಗೆ ಚೀಟಿಯಲ್ಲಿ ಹೆಸರಿಲ್ಲದ ಕಾಯಿಲೆ ಇಲಾಖೆಯ ಅಂಕಿಅಂಶದಲ್ಲೂ ಬರುವುದಿಲ್ಲ. ಅಂಕಿಅಂಶದಲ್ಲಿ ಇಲ್ಲದ ಕಾಯಿಲೆಯ ಬಗ್ಗೆ ತಮ್ಮ ಮೇಜಿಗೆ ಕಡತ ಬರುವುದಾದರೂ ಹೇಗೆ?

ಕಾರ್ಖಾನೆಗಳ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯೂ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಯನ್ನು ಉಳಿಸಿಕೊಂಡಿದೆ. ಆದರೆ ವಿದ್ಯುತ್ ಬಳಸುವ ಘಟಕವೊಂದು ಕಾರ್ಖಾನೆ ಎನಿಸಿಕೊಳ್ಳಲು ಹಿಂದೆ 10 ಕಾರ್ಮಿಕರು ಸಾಕಾಗಿತ್ತು, ಈಗ 20 ಜನ ಬೇಕು. ವಿದ್ಯುತ್ ಇಲ್ಲದ ಕಡೆ 20 ಇದ್ದದ್ದು 40 ಆಗಿದೆ. ಅಪ್ಪನ ಶೆಡ್ಡಿನಲ್ಲಿದ್ದದ್ದು ಎಂಟು ಜನ. ಅವರು ಹಿಂದಿನ ಲೆಕ್ಕಕ್ಕೂ ಸಿಗಲಿಲ್ಲ, ಈಗಿನ ಲೆಕ್ಕಕ್ಕೂ ಸಿಗುವುದಿಲ್ಲ. ಸೀಸ ಮಾತ್ರ ತಲೆ ಎಣಿಸಿ ಒಳಗೆ ಹೋಗುವುದಿಲ್ಲ. ಸಣ್ಣ ಶೆಡ್ಡಿನಲ್ಲಿ ಹೊಗೆ ಹೀರುವ ಫ್ಯಾನಾಗಲಿ, ಸ್ನಾನಕ್ಕೆ ಜಾಗವಾಗಲಿ ಇರದ ಕಾರಣ ಅಪಾಯ ಅಲ್ಲೇ ಹೆಚ್ಚು. ಜೀವಕ್ಕೆ ಅಪಾಯವಿರುವ ಕೆಲಸ ಎಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಕಡೆ ಕಾರ್ಮಿಕರ ಸಂಖ್ಯೆಯ ಮಿತಿಯನ್ನು ಲೆಕ್ಕಿಸಬೇಕಿಲ್ಲ ಎಂಬ ಅವಕಾಶ ಅದೇ ಸಂಹಿತೆಯಲ್ಲಿದೆ. ಅಂಥ ಕಡೆ ಒಬ್ಬನೇ ಕಾರ್ಮಿಕನಿದ್ದರೂ ಇ.ಎಸ್.ಐ. ಅನ್ವಯಿಸಬಹುದು ಎಂದು ಸಾಮಾಜಿಕ ಭದ್ರತಾ ಸಂಹಿತೆಯೂ ಹೇಳುತ್ತದೆ. ಬಾಗಿಲು ಇದೆ, ತೆರೆಯಬೇಕಿದೆ.

ಬೇರೆ ದೇಶದ ಮಾತನ್ನು ಒಂದೇ ಕಾರಣಕ್ಕೆ ಎತ್ತುತ್ತೇನೆ. ಅಮೆರಿಕದಲ್ಲಿ 1978ರಲ್ಲೇ ಸೀಸದ ಕೆಲಸಕ್ಕೆ ಒಂದು ನಿಯಮ ಮಾಡಿದರು. ರಕ್ತದಲ್ಲಿ ಸೀಸ ಮಿತಿ ಮೀರಿದ ಕಾರ್ಮಿಕನನ್ನು ಆ ಕೆಲಸದಿಂದ ದೂರವಿಡಬೇಕು, ಆದರೆ 18 ತಿಂಗಳವರೆಗೆ ಅವನ ಸಂಬಳವಾಗಲಿ ಸೇವಾ ಹಿರಿತನವಾಗಲಿ ಕಡಿಮೆಯಾಗಬಾರದು ಎಂಬುದು ಅದರ ತಿರುಳು. ಕೂಲಿ ಹೋಗದಿದ್ದರೆ ಮಾತ್ರ ಕಾರ್ಮಿಕ ತೋಳು ಚಾಚುತ್ತಾನೆ ಎಂಬುದನ್ನು ಅವರು ಆಗಲೇ ಕಂಡುಕೊಂಡಿದ್ದರು. ಕೆಲಸದ ಸ್ಥಳದ ಗಾಳಿಯ ಲೆಕ್ಕವನ್ನೂ ನೋಡಿ: ಘನ ಮೀಟರಿಗೆ 0.05 ಮಿಲಿಗ್ರಾಂ ಎಂದು ಅವರು ಅಂದೇ ಮಿತಿ ಹಾಕಿದರು. ನಮ್ಮ 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದ್ದದ್ದು 0.15, ಅಂದರೆ ಅದರ ಮೂರು ಪಟ್ಟು.

ಬೆಂಗಳೂರಿಗೆ ಈ ವಿಷಯ ಹೊಸದೂ ಅಲ್ಲ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ದಶಕಗಳ ಕಾಲ ಸೀಸದ ವಿಷದ ಬಗ್ಗೆ ಕೆಲಸ ಮಾಡಿ, ಇದೇ ನಗರದಲ್ಲಿ ರಾಷ್ಟ್ರೀಯ ಮಟ್ಟದ ಕೇಂದ್ರವನ್ನು ಕಟ್ಟಿದರು. 1990ರ ದಶಕದ ಕೊನೆಯಲ್ಲಿ ದೇಶದ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿದಾಗ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಸೀಸ 10 ಮೈಕ್ರೋಗ್ರಾಂ ಮೀರಿತ್ತು. 1999ರಲ್ಲಿ ಬೆಂಗಳೂರಿನಲ್ಲೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು, 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸವನ್ನು ತೆಗೆದರು. ರಕ್ತವನ್ನು ಅಳೆದದ್ದರಿಂದಲೇ ವಿಷಯ ಸರ್ಕಾರದ ಕಣ್ಣಿಗೆ ಬಿತ್ತು. ಇಂದು ಮನೆ ಮನೆಯ ಇನ್‌ವರ್ಟರಿನಲ್ಲಿ, ಆಟೋದಲ್ಲಿ, ಲಾರಿಯಲ್ಲಿ ಸೀಸದ ಬ್ಯಾಟರಿ ಇದೆ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಕೊಟ್ಟು ಬೆಲೆ ಇಳಿಸಿಕೊಳ್ಳುತ್ತೇವೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆ ಘಟಕಕ್ಕೆ ಹೋಗಬೇಕು. ನಾನು ನೋಡಿದ ಶೆಡ್ಡಿಗೆ ಬರುತ್ತಿದ್ದದ್ದೂ ಇಂಥವೇ ಬ್ಯಾಟರಿಗಳು, ಗುಜರಿಯವರ ಟೆಂಪೋದಲ್ಲಿ.

ನನ್ನ ಮೊದಲ ಮತ್ತು ಮುಖ್ಯ ಕೋರಿಕೆ ಇದು: ಸೀಸದ ಕೆಲಸ ಮಾಡುವ ಪ್ರತಿಯೊಬ್ಬರಿಗೂ, ಅವರು ಎಂಟು ಜನರ ಶೆಡ್ಡಿನಲ್ಲಿರಲಿ ಇಬ್ಬರ ಅಂಗಡಿಯಲ್ಲಿರಲಿ, ಆರು ತಿಂಗಳಿಗೊಮ್ಮೆ ಉಚಿತ ರಕ್ತ ಪರೀಕ್ಷೆ ಆಗಬೇಕು, ವರದಿ ಮಾಲೀಕರ ಕೈಗೆ ಹೋಗುವ ಮೊದಲು ಕಾರ್ಮಿಕರ ಕೈಗೆ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಬರಬೇಕು, ಪ್ರಮಾಣ ಹೆಚ್ಚಿದ್ದವರನ್ನು ಸೀಸದ ಕೆಲಸದಿಂದ ಬಿಡಿಸಿದಾಗ ಅದು ಇಳಿಯುವವರೆಗೆ ಅವರ ಕೂಲಿಗೆ ರಕ್ಷಣೆ ಇರಬೇಕು. ಸಣ್ಣ ಮಾಲೀಕರಿಗೆ ಆ ಭಾರ ಹೊರಲಾಗದು ಎಂಬುದನ್ನು ಬಲ್ಲೆ. ಹಳೆಯ ಬ್ಯಾಟರಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ನಿಯಮ ಈಗಾಗಲೇ ಇರುವಾಗ, ಅದನ್ನು ಒಡೆಯುವ ಕೈಗಳ ಹೊಣೆಗೂ ಅವರಿಂದ ಒಂದು ನಿಧಿಯನ್ನು ಕೇಳುವುದು ಅನ್ಯಾಯವಾಗಲಾರದು. ಕೂಲಿ ರಕ್ಷಣೆ ಇಲ್ಲದೆ ಪರೀಕ್ಷೆಯೊಂದನ್ನೇ ಕಡ್ಡಾಯ ಮಾಡಬೇಡಿರೆಂದು ಕೈಮುಗಿದು ಕೇಳುತ್ತೇನೆ. ಹಾಗೆ ಮಾಡಿದರೆ ಇನ್ನಷ್ಟು ಜನ ಕೆಲಸ ಕಳೆದುಕೊಳ್ಳುತ್ತಾರೆ, ಉಳಿದವರು ಅಡಗಿಕೊಳ್ಳುತ್ತಾರೆ.

ಪರೀಕ್ಷೆಯ ಏರ್ಪಾಡು ಕಷ್ಟವಲ್ಲ. ಕೈಗಾರಿಕಾ ಪ್ರದೇಶಗಳ ಹತ್ತಿರದ, ಸರ್ಕಾರದ "ನಮ್ಮ ಕ್ಲಿನಿಕ್"ಗಳಲ್ಲಿ ಭಾನುವಾರ ರಕ್ತದ ಮಾದರಿ ತೆಗೆದುಕೊಳ್ಳಬಹುದು. ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ದೇವನಹಳ್ಳಿ ತಾಲ್ಲೂಕಿನಲ್ಲೇ ಇದೆ, ಅದರ ನೆರವು ಕೇಳಬಹುದು. ಬೆರಳ ತುದಿಯ ಹನಿ ರಕ್ತದಲ್ಲಿ ಮೂರೇ ನಿಮಿಷಕ್ಕೆ ಸೀಸ ಅಳೆಯುವ ಪುಟ್ಟ ಯಂತ್ರಗಳೂ ಇವೆ. ಆದರೆ ಈ ಕಾರ್ಮಿಕರ ಬೆರಳಲ್ಲೇ ಸೀಸದ ಪುಡಿ ಇರುವುದರಿಂದ ಲೆಕ್ಕ ತಪ್ಪಬಹುದು. ಇವರಿಗೆ ತೋಳಿನ ರಕ್ತನಾಳದಿಂದ ತೆಗೆದ ರಕ್ತವೇ ಸರಿ. ಇಂಥ ಸಣ್ಣ ಸಂಗತಿಗಳನ್ನು ಮೊದಲೇ ತಿಳಿಸಿ ಸಿಬ್ಬಂದಿಯನ್ನು ತಯಾರು ಮಾಡಬೇಕು. ಕಾರ್ಮಿಕರ ಮನೆಯ ಐದು ವರ್ಷದೊಳಗಿನ ಮಕ್ಕಳನ್ನೂ ಗರ್ಭಿಣಿಯರನ್ನೂ ಇದರಲ್ಲಿ ಸೇರಿಸಬೇಕು.

ಆರೋಗ್ಯ ಇಲಾಖೆಯ ಜೊತೆ ಮಾತಾಡಿ, ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ಹೊರರೋಗಿ ಚೀಟಿಯಲ್ಲಿ "ಯಾವ ಕೆಲಸ, ಎಷ್ಟು ವರ್ಷದಿಂದ" ಎಂಬ ಒಂದು ಸಾಲನ್ನು ಸೇರಿಸಿ. ಕಾರಣ ತಿಳಿಯದ ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ ಮೂರೂ ಒಟ್ಟಿಗೆ ಬಂದ ಕಾರ್ಮಿಕನ ವಸಡನ್ನು ಒಮ್ಮೆ ನೋಡುವಂತೆ ವೈದ್ಯರಿಗೆ ಸುತ್ತೋಲೆ ಹೋಗಲಿ. ರೋಗನಿರ್ಣಯವಾದ ಮೇಲೆ ಬಿಡುಗಡೆ ಚೀಟಿಯಲ್ಲಿ ಕಾಯಿಲೆಯ ನಿಜವಾದ ಹೆಸರು ಇರಲಿ.

ಅಪಾಯಕಾರಿ ಕೆಲಸಗಳ ಅಧಿಸೂಚನೆಯಲ್ಲಿ ಬ್ಯಾಟರಿ ಒಡೆಯುವುದು, ಸೀಸ ಕರಗಿಸುವುದು, ಪ್ಲೇಟು ಎರಕ ಹೊಯ್ಯುವುದು ಇವೆಲ್ಲವೂ ಸೇರುವಂತೆ ರಾಜ್ಯದಿಂದ ಕೇಂದ್ರಕ್ಕೆ ಲಿಖಿತ ಶಿಫಾರಸು ಹೋಗಬೇಕೆಂದೂ ಕೋರುತ್ತೇನೆ. ಶೆಡ್ಡುಗಳಿಗೆ ಬೀಗ ಜಡಿಯುವುದೇ ಪರಿಹಾರವೆಂದು ಮಾತ್ರ ದಯವಿಟ್ಟು ತೀರ್ಮಾನಿಸಬೇಡಿ. ಬೀಗ ಬಿದ್ದ ಮರುವಾರ ಬಾಣಲೆ ಇನ್ನೊಂದು ಓಣಿಗೆ, ಕೆಲವೊಮ್ಮೆ ಯಾರದೋ ಮನೆಯ ಹಿತ್ತಿಲಿಗೇ ಹೋಗುತ್ತದೆ. ಮೊದಲ ವರ್ಷ ದಂಡ ಹಾಕದೆ ನೋಂದಣಿ ಮಾಡಿಸಿ, ನಲ್ಲಿ ನೀರು, ಸೋಪು, ಬಟ್ಟೆ ಬದಲಿಸಲು ಕೋಣೆ, ಊಟಕ್ಕೆ ಬೇರೆ ಜಾಗ, ಬಾಣಲೆಯ ಮೇಲೆ ಹೊಗೆ ಎಳೆಯುವ ಕೊಳವೆ, ಇಷ್ಟನ್ನು ಮಾಡಿಸಿ. ಕೆಲಸದ ಬಟ್ಟೆ ಮನೆಗೆ ಹೋಗದಂತೆ ನೋಡಿಕೊಂಡರೆ ಎಷ್ಟೋ ಜಗಲಿಗಳು ಉಳಿಯುತ್ತವೆ.

ನನ್ನ ತಂದೆಯ ಎಲ್ಲ ವರದಿಗಳನ್ನು, ಬಿಡುಗಡೆ ಚೀಟಿಯನ್ನು, ತಿರಸ್ಕೃತವಾದ ಅರ್ಜಿಯ ಪ್ರತಿಯನ್ನು ತಾವು ಕೇಳಿದ ದಿನ ತಂದು ಒಪ್ಪಿಸುತ್ತೇನೆ. ಈಗಲೂ ಕೆಲಸದಲ್ಲಿರುವ ಆ ಮೂವರನ್ನು ಕಳೆದ ತಿಂಗಳು ಮತ್ತೆ ಭೇಟಿ ಮಾಡಿದ್ದೆ. ಅವರಲ್ಲಿ ಒಬ್ಬರಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದು ಕಷ್ಟವಾಗುತ್ತಿದೆ. ಕೂಲಿ ನಿಲ್ಲುವುದಿಲ್ಲ ಎಂದು ಸರ್ಕಾರದ ಕಾಗದ ತೋರಿಸಿದರೆ ನಾಳೆಯೇ ರಕ್ತ ಕೊಡುತ್ತೇವೆ ಎಂದಿದ್ದಾರೆ. ಆ ಕಾಗದವನ್ನು ಹೊರಡಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ. ತಮ್ಮ ಉತ್ತರವನ್ನು ಅವರ ಮನೆಗಳಿಗೆ ನಾನೇ ಒಯ್ದು ಓದಿ ಹೇಳುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಬ್ಯಾಟರಿ ಕಾರ್ಮಿಕರೊಬ್ಬರ ಮಗಳು
ಬೆಂಗಳೂರು